ಮಸಿಯ ಮೇಲೆ ಹೊರಿಸಿದ ತಪ್ಪು

ಪ್ರೆಸ್ಸಿನ ಯಜಮಾನರೇ,

ಕ್ಷೇಮ ಅಂತ ಬರೆಯೋ ಹಾಗಿಲ್ಲ, ಆಸ್ಪತ್ರೆಯಲ್ಲಿದ್ದೀನಿ. ಮೂರು ವಾರದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗ್ತಿತ್ತು. ಮಸಿ ಕೈಯಲ್ಲೇ ಉಣ್ತೀನಲ್ಲ, ಅದಕ್ಕೇ ಅಂದುಕೊಂಡೆ. ನೀವೂ ಹಾಗೇ ಅಂದು ನಕ್ಕಿರಿ. ಬೆನ್ನುನೋವಿಗೆ ನಿಮ್ಮ ಡ್ರಾಯರಿನ ಮಾತ್ರೆ ಕೊಟ್ಟು, ಬರಿಹೊಟ್ಟೆಯಲ್ಲೇ ಮಿಷನ್ ಓಡಿಸಿದಿರಿ. ಆ ಮಾತ್ರೆಗೆ ಹೊಟ್ಟೆಯ ಒಳಪದರ ಊದಿಕೊಂಡು ರಕ್ತ ಸೋರ್ತಿದೆಯಂತೆ. ಆ ರಕ್ತವೇ ಕೆಳಗಿಳಿಯೋವಾಗ ಕಪ್ಪಾಗುತ್ತಂತೆ.

ಡಾಕ್ಟರ್ ಬಿಟ್ಟ ಮೇಲೆ ಬರ್ತೀನಿ. ಊಟದ ಹೊತ್ತಿಗೆ ಮಿಷನ್ ನಿಲ್ಲಿಸ್ತೀನಿ, ನಿಮ್ಮ ಮಾತ್ರೆ ಮುಟ್ಟಲ್ಲ. ಕೆಲಸದಿಂದ ತೆಗೀತೀರಾ? ತೆಗೀರಿ.

ಇನ್ನೂ ಮಸಿಯದ್ದೇ ತಪ್ಪು ಅಂತೀರಾದ್ರೆ ಬೈಂಡಿಂಗ್ ಅಕ್ಕನ್ನ ಕೇಳಿ. ಅವರೂ ಅದೇ ಮಾತ್ರೆ ನುಂಗೋರು. ಅವರ ಕೈಗೆ ಮಸಿ ತಾಗೋದೇ ಇಲ್ಲ. ಅವರಿಗೂ ಕಪ್ಪಗೇ ಹೋಗ್ತಿದೆ. ನಾಳೆ ಕೆಲಸಕ್ಕೆ ಅವರಿಗಾಗಿ ಕಾಯಬೇಡಿ, ಡಾಕ್ಟರಿಗೆ ತೋರಿಸೋಕೆ ಇಲ್ಲಿಗೆ ಬರಹೇಳಿದ್ದೀನಿ.

ಇಂತಿ,
ನಿಮ್ಮ ಮಿಷನ್ ಓಡಿಸೋನು