ಕನ್ನಡಕದ ಡಬ್ಬಿಯಲ್ಲಿರುವ ಚೀಟಿ

ಹಿರಿಯೂರು
12-11-2024, ಮಂಗಳವಾರ

ಪ್ರೀತಿಯ ಅಮ್ಮಿಗೆ, ನಿನ್ನ ಕಲಂದರ್ ಮಾಡುವ ಸಲಾಂ.

ಹೇಗಿದ್ದೀಯ? ಸೂಜಿ ಚುಚ್ಚಿದ ಕೈಯ ಬಾವು ಇಳಿಯಿತಾ? ಕಾಲಿನ ಊತ ಹಾಗೇ ಇದೆ ಎಂದು ತಂಗಿ ಸನೋಬರ್ ಹೇಳಿದಳು. ಗಂಜಿಯಾದರೂ ಸೇರುತ್ತಿದೆಯಾ? ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲ, ನಾನು ಕೂಗಿದರೆ ವಾರ್ಡಿಗೆಲ್ಲ ಕೇಳುತ್ತದೆ. ಇದು ವಾರ್ಡಿಗೆ ಕೇಳಿಸುವ ಮಾತಲ್ಲ. ಮನೆಯಲ್ಲಿ ಉರ್ದು ಆಡಿದರೂ ಇಬ್ಬರಿಗೂ ಓದಲು ಬರುವುದು ಕನ್ನಡವೇ ತಾನೆ, ಅದಕ್ಕೇ ಬರೆಯುತ್ತಿದ್ದೇನೆ. ದುರುಗೇಶನ ಬಸ್ಸು ಮೂರಕ್ಕೆ ದಾವಣಗೆರೆಗೆ ಹೊರಡುತ್ತದೆ, ಸಂಜೆಯೊಳಗೆ ನಿನ್ನ ಕೈ ಸೇರಬೇಕು. ಕೋಳಿಗಳು ಚೆನ್ನಾಗಿವೆ. ಕುಂಟಿ ನಿನ್ನೆ ಮೊಟ್ಟೆ ಇಟ್ಟಿದೆ, ನಾನು ತಿಂದಿಲ್ಲ.

ಅಮ್ಮಿ, ಗುರುವಾರದೊಳಗೆ ಡಯಾಲಿಸಿಸ್‌ಗೆ ಒಪ್ಪದಿದ್ದರೆ ಕೈಮೀರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನೀನು ಕನ್ನಡಕದ ಡಬ್ಬಿಯಿಂದ ನನ್ನ ಚೀಟಿ ತೆಗೆದು ತೋರಿಸಿದೆಯಂತೆ. "ನನ್ನ ಮಗ ಲ್ಯಾಬಿನಾಗೆ ಅವ್ನೆ. ಉಚ್ಚೆನಾಗೆ ಏನೂ ಇಲ್ಲ ಅಂತ ಬರ್ದವ್ನೆ. ಇಲ್ಲದ ಕಾಯಿಲೆ ಯಾಕ್ರಿ ಹಚ್ತೀರಿ?" ಎಂದೆಯಂತೆ. ಸನೋಬರ್ ನಗುತ್ತಾ ಹೇಳಲು ಹೋಗಿ ಅತ್ತುಬಿಟ್ಟಳು. ನಾನು ಲ್ಯಾಬಿನಲ್ಲಿ ಗಾಜಿನ ನಳಿಗೆ ತೊಳೆಯುವವನು ಅಮ್ಮಿ, ಏಳನೇ ಕ್ಲಾಸು ಪೂರ್ತಿ ಮಾಡಿದವನಲ್ಲ. ಅವತ್ತು ಟೆಕ್ನೀಷಿಯನ್ ಊಟಕ್ಕೆ ಹೋಗಿದ್ದರು, ಮನೆಯದೇ ತಾನೆ ಎಂದು ನಿನ್ನ ಮೂತ್ರಕ್ಕೆ ಪರೀಕ್ಷೆಯ ಕಡ್ಡಿಯನ್ನು ನಾನೇ ಅದ್ದಿದೆ. ಬಣ್ಣ ಬದಲಾಗಲಿಲ್ಲ. ಪ್ರೋಟೀನ್ ಇಲ್ಲ ಎಂದು ಬರೆದುಕೊಟ್ಟೆ. ಆದರೆ ಬಾಟಲಿ ತೊಳೆಯುವಾಗ ನೊರೆ ಹೋಗಲೇ ಇಲ್ಲ. ಮೂರು ಸಲ ತೊಳೆದೆ. ಪ್ರೋಟೀನ್ ಇದ್ದರೆ ಹಾಗೆ ನೊರೆ ನಿಲ್ಲುತ್ತದೆ ಎಂದು ಲ್ಯಾಬಿನಲ್ಲಿ ಕೇಳಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ.

ಎಲುಬಿನ ಮಜ್ಜೆಯ ಕಾಯಿಲೆಯಿಂದ ಕಿಡ್ನಿ ಕೆಟ್ಟಿದೆ ಎಂಬ ದೊಡ್ಡಾಸ್ಪತ್ರೆಯವರ ಮಾತನ್ನು ನಾನೂ ನಂಬಿರಲಿಲ್ಲ. ಶುಕ್ರವಾರ ಅಲ್ಲಿಗೆ ಬಂದಾಗ ನಿನ್ನ ಮೂತ್ರ ಒಂದು ಬಾಟಲಿ ತಂದು ಗೋವಿಂದಯ್ಯನವರ ಮನೆಗೆ ಒಯ್ದೆ. ಮೊದಲು ನಮ್ಮ ಲ್ಯಾಬಿನಲ್ಲೇ ಇದ್ದರಲ್ಲ, ಅವರೇ. ಒಂದೆರಡು ಹನಿ ಆಸಿಡ್ ಹಾಕಿ ನಳಿಗೆಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದರು. ಬಿಸಿಯಾಗುತ್ತಾ ಹಾಲಿನ ಹಾಗೆ ಕದಡಿತು. ಕುದಿಸಿದಾಗ ತಿಳಿಯಾಯಿತು. ನನಗೆ ಜೀವ ಬಂದ ಹಾಗಾಯಿತು. ಆರುತ್ತಾ ಮತ್ತೆ ಬೆಳ್ಳಗಾಯಿತು. "ಲೇ ಕಲಂದರ್, ನಿನ್ನ ಕಡ್ಡಿಗೆ ಈ ಪ್ರೋಟೀನ್ ಗುರುತೇ ಸಿಗಲ್ಲ ಕಣೋ. ಈ ಕಾಲದಾಗೆ ಹಿಂಗೆ ಯಾರೂ ಕಾಯ್ಸಲ್ಲ, ರಕ್ತದಾಗೇ ಕಂಡು ಹಿಡಿತಾರೆ. ಅವ್ರು ಹೇಳಿದ್ದೇ ಖರೆ" ಎಂದರು.

ಅವರೇ ಇನ್ನೊಂದು ಹೇಳಿದರು. ಸುಮಾರು ನೂರ ಎಂಬತ್ತು ವರ್ಷದ ಹಿಂದೆ ಲಂಡನ್ನಿನ ಒಬ್ಬ ದಿನಸಿ ಅಂಗಡಿಯವನಿಗೆ ಇದೇ ಆಗಿತ್ತಂತೆ. ನಿನ್ನ ಹಾಗೇ ಎಲುಬು ನೋವು. ಅವನ ಮೂತ್ರವೂ ಹೀಗೇ ಆಟ ಆಡಿದ್ದಕ್ಕೆ, ಡಾಕ್ಟರು "ಇದೇನು?" ಎಂದು ಚೀಟಿ ಬರೆದು ಇನ್ನೊಬ್ಬರಿಗೆ ಕಳಿಸಿದರಂತೆ. ಅವನು ಉಳಿಯಲಿಲ್ಲ. ಕೊಯ್ದು ನೋಡಿದವರಿಗೆ ಎಲುಬು ಪುಡಿಪುಡಿ, ಕಿಡ್ನಿ ಮಾತ್ರ ಸರಿಯಾಗಿ ಕಂಡಿತಂತೆ. ಎಲುಬಿನ ಮಜ್ಜೆಯಲ್ಲಿ ಕೆಟ್ಟ ಕಣಗಳು ಮಾಡುವ ಈ ಪ್ರೋಟೀನು ಕಿಡ್ನಿಯ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟಿ ಅವನ್ನು ಮುಚ್ಚಿಬಿಡುತ್ತದೆ ಎಂದು ತಿಳಿಯಲು ಆಮೇಲೆ ಎಷ್ಟೋ ವರ್ಷ ಬೇಕಾಯಿತಂತೆ. ಅಷ್ಟು ಓದಿದವರೇ ತಪ್ಪಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವನಿಗೆ ಕೊಡಲು ಅವರ ಹತ್ತಿರ ಔಷಧಿ ಇರಲಿಲ್ಲ. ನಿನಗೆ ಇದೆ. ನೀನು ಬೇಡ ಅನ್ನುತ್ತಿರುವುದು ನನ್ನ ಅಕ್ಷರ ನಂಬಿ.

ಆ ಚೀಟಿ ಹರಿದುಹಾಕು ಅಮ್ಮಿ. ಈ ಕಾಗದವನ್ನು ಆ ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಇದನ್ನು ತೋರಿಸು. ಒಪ್ಪಿಕೋ. ಕಾಲು ಹಿಡಿದು ಕೇಳುತ್ತೇನೆ. ಸನೋಬರ್‌ಗೆ ನನ್ನ ದುವಾ, ಪಕ್ಕದ ಮಂಚದ ಅಜ್ಜಿಗೆ ಸಲಾಂ. ಅಲ್ಲಾಹು ನಿನ್ನನ್ನು ನಮಗೆ ಉಳಿಸಿಕೊಡಲಿ.

ನಿನ್ನ ಮಗ
ಕಲಂದರ್

ಮರೆತೆ ಅಂತಲ್ಲ, ಬರೆಯಲು ಕೈ ಬರಲಿಲ್ಲ. ದುರುಗೇಶ ಹಾರನ್ ಹೊಡೆಯುತ್ತಿದ್ದಾನೆ. ನೋವಿನ ಮಾತ್ರೆ ತಗೊಂಡಿದ್ದೀರಾ ಎಂದು ಡಾಕ್ಟರು ಕೇಳಿದಾಗ ನೀನು ಇಲ್ಲ ಎಂದೆಯಂತೆ. ನನ್ನನ್ನು ಉಳಿಸಲು ಹಾಗೆ ಹೇಳಿದೆ, ಗೊತ್ತು. ದಿನಕ್ಕೆರಡು, ಎಂಟು ತಿಂಗಳು, ನಾನೇ ತಂದುಕೊಟ್ಟೆ. ಕಿಡ್ನಿಗೆ ಅದೇ ವಿಷವಂತೆ. ಬಸ್ ಹತ್ತಿಸುವಾಗಲೂ ನಿನ್ನ ಎಲೆಯಡಿಕೆ ಚೀಲದಲ್ಲಿ ಆ ಮಾತ್ರೆಯ ಒಂದು ಪಟ್ಟಿ ಇಟ್ಟಿದ್ದೆ. ಅದನ್ನು ಈಗಲೇ, ಇದನ್ನು ಮಡಚುವ ಮೊದಲು, ನರ್ಸಮ್ಮನ ಕೈಗೆ ಕೊಡು. ಯಾರು ಕೊಟ್ಟರು ಎಂದು ಕೇಳಿದರೆ ನನ್ನ ಹೆಸರು ಹೇಳು.