ಘಾಟು ಬರಲಿಲ್ಲ

ಲಕ್ಷ್ಮೇಶ್ವರ
೧೫ ಮೇ ೨೦೨೧

ಪ್ರೀತಿಯ ರುಹಿ,

ಮುಳಗುಂದದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಬೇಡ. ನಿನ್ನ ದನಿ ಕೇಳಿದರೆ ಮಾತಿಗಿಂತ ಅಳು ಮುಂದೆ ಓಡುತ್ತದೆ, ಅತ್ತರೆ ಹೊಲಿಗೆ ಎಳೆಯುತ್ತದೆ. ನೀನು ಕಳಿಸಿದ ರಂಜಾನ್ ಹಬ್ಬದ ಸುರಕುಂಬಾ ನಿನ್ನೆ ಸಂಜೆ ಬಂತು. ಹಾಲು-ಶಾವಿಗೆ ಕೆಡದಿರಲೆಂದು ಫ್ರಿಜ್ಜಿನಲ್ಲಿಟ್ಟಿದ್ದೇನೆ.

ಎದೆಯ ಗಂಟು ಪೂರ್ತಿ ತೆಗೆದಿದ್ದಾರೆ. ಆದರೆ ಹುಬ್ಬಳ್ಳಿಯ ಡಾಕ್ಟರು ಕಳಿಸುವಾಗಲೇ ಹೇಳಿದ್ದರು: "ಕ್ಯಾನ್ಸರ್‌ಗಿಂತ ಈಗ ಕೊರೋನಾಕ್ಕ ಅಂಜಬೇಕು. ಇವರ ಮೈಯಾಗ ತಡಕೊಳ್ಳೋ ಶಕ್ತಿ ಇಲ್ಲ. ಯಾರನ್ನೂ ಒಳಗ ಬಿಡಬ್ಯಾಡ್ರಿ." ಅಂದಿನಿಂದ ನಮ್ಮನೆಯವರು ಬಾಗಿಲಿಗೆ ಬೆಂಚು ಅಡ್ಡ ಹಾಕಿ ಕೂತುಬಿಟ್ಟರು. ಬ್ರೆಡ್ಡು, ಎಳನೀರು ಹಿಡಿದು ಮಾತಾಡಿಸಲು ಬಂದವರನ್ನೆಲ್ಲ ಅಂಗಳದಿಂದಲೇ ಸಾಗಹಾಕಿದರು. ಮದುವೆಯಾದಾಗಿನಿಂದ ನನಗೆ ಇಷ್ಟು ಕಾವಲು ಕಾದವರಲ್ಲ, ನಗು ಬರುತ್ತಿತ್ತು.

ಆದರೆ ನಮ್ಮ ಹನಮಂತವ್ವಕ್ಕನನ್ನು ತಡೆಯುವವರು ಯಾರು? ಮಂಗಳವಾರ ಅಮಾವಾಸ್ಯೆ. ಲಾಕ್‌ಡೌನಿನ ಬೆಳಗಿನ ಸಡಿಲಿಕೆಯಲ್ಲೇ ಶಿರಹಟ್ಟಿಯಿಂದ ಬಂದಳು. "ಅವ್ವ ಸತ್ತ ಮ್ಯಾಲೆ ಇಕಿನ್ನ ಬೆಳೆಸಿದಾಕಿ ನಾನು. ದೃಷ್ಟಿ ತಗದು ಹೋಗ್ತೀನಿ, ಸರೀರಿ" ಎಂದು ಬೆಂಚು ದಾಟಿಯೇಬಿಟ್ಟಳು.

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿದಳು. ತನ್ನ ಮಾಸ್ಕು ಕೆಳಗೆಳೆದಳು, ನನ್ನದನ್ನೂ ಎಳೆದಳು. "ಬಾಯಿ ಕಟಗೊಂಡು ಹೆಂಗ ಉಗಳ್ತಿ? ಥೂ ಅನ್ನ" ಎಂದಳು. ನಾನು ಥೂ ಅಂದೆ. ಎಲ್ಲವನ್ನೂ ಕೆಂಡಕ್ಕೆ ಹಾಕಿದಳು.

ಘಾಟಿಗೆ ನಮ್ಮನೆಯವರು ಕೆಮ್ಮುತ್ತ ಅಂಗಳಕ್ಕೆ ಓಡಿದರು. ನಾನು ಹೊಲಿಗೆ ಒತ್ತಿ ಹಿಡಿದು ಕೆಮ್ಮಿದೆ. ಅಕ್ಕ ಮಾತ್ರ ಕೆಂಡದ ಮೇಲೇ ಬಾಗಿ, ಹಿಗ್ಗಿನಿಂದ ಹೇಳಿದಳು: "ನೋಡವಾ, ಒಂದೀಟೂ ಘಾಟ ಬರವಲ್ದು! ಎಂಥಾ ದೃಷ್ಟಿ ಆಗಿತ್ತ ನಿನಗ!" ದೃಷ್ಟಿ ಜೋರಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂದು ನಂಬಿ ಬೆಳೆದವರಲ್ಲವೇ ನಾವು.

ರುಹಿ, ನಾನು ಕೆಮ್ಮು ತಡೆದು ಅವಳ ಮುಖ ನೋಡಿದೆ. "ಅಕ್ಕಾ, ನಿನಗ ವಾಸನಿ ಬರವಲ್ದೇನ?" ಎಂದೆ.

"ಎರಡ ದಿನಾತು, ಚಾಕ್ಕ ರುಚೀನ ಇಲ್ಲ. ಬಿಸಲಿಗೆ ಹಿಂಗಾಗೇತಿ ಅನ್ಕೊಂಡಿದ್ನಿ" ಎಂದವಳೇ ಮಾಸ್ಕು ಮೇಲೆಳೆದುಕೊಂಡು, ಹಿಂದೆ ಸರಿಯುತ್ತ ಗೋಡೆಗೆ ಬಡಿದುಕೊಂಡಳು. "ತಂಗೀ, ನಾ ಎಂಥಾ ಕೆಲಸ ಮಾಡಿದ್ನವ್ವಾ!" ಆ ಮುಖ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಈಗ ಗದಗಿನ ದವಾಖಾನೆಯಲ್ಲಿದ್ದಾಳೆ, ಆಕ್ಸಿಜನ್ ಹಚ್ಚಿದ್ದಾರೆ. ಅದನ್ನು ಸರಿಸಿ ಸರಿಸಿ ಫೋನಿನಲ್ಲಿ ಒಂದೇ ಮಾತು ಕೇಳುತ್ತಾಳೆ: "ತಂಗಿಗೇನೂ ಆಗಿಲ್ಲಲಾ?" ಏನೂ ಆಗಿಲ್ಲ ಎನ್ನುತ್ತೇವೆ. ಅದರ ಮೇಲೆಯೇ ಉಸಿರು ಹಿಡಿದಿದ್ದಾಳೆ ಅನಿಸುತ್ತದೆ.

ನಿನ್ನ ಅಲ್ಲಾ ನಿನ್ನ ಮನೆಯನ್ನು ತಂಪಾಗಿಡಲಿ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಸುಮಿತ್ರಾ

ತಾ.ಕ.: ಪತ್ರ ಮಡಿಸುವ ಮೊದಲು ನಿನ್ನ ಸುರಕುಂಬಾ ಬಿಸಿ ಮಾಡಿ ಕುಡಿದೆ. "ಏನ್ ಘಮಾ ಬರಾಕತ್ತೇತಿ!" ಎಂದರು ನಮ್ಮನೆಯವರು ಬೆಂಚಿನ ಮೇಲಿಂದ. ನನಗೆ ಬಿಸಿನೀರು ಕುಡಿದಂತಾಯಿತು. ಹಾಗೆಂದು ಹೇಳಿದ್ದೇ ತಡ, ಅವರೀಗ ಗಾಡಿ ತರಲು ಓಡಿದ್ದಾರೆ. ಅಕ್ಕ ನಿನಗೆ ಫೋನ್ ಮಾಡಿ ಕೇಳಿದರೆ, ಸುಮಿತ್ರಾ ಆರಾಮ ಅದಾಳ ಅನ್ನು.