ಕಡೂರಿನಲ್ಲಿ ನಾನು ಪ್ರೋಟೀನಿನ ಭಾಷಣ ಮಾಡಲಾರೆ

ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಬರುವ ಜನವರಿಯಲ್ಲಿ ಕಡೂರಿನ ಹೆಂಗಸರಿಗೆ ‘ಸ್ತನ ಕ್ಯಾನ್ಸರ್ ಮತ್ತು ರಕ್ಷಕ ಪ್ರೋಟೀನು’ ಎಂಬ ವಿಷಯವಾಗಿ ಉಪನ್ಯಾಸ ನೀಡಬೇಕೆಂದು ತಾವು ಕಳಿಸಿದ ಆಹ್ವಾನ ತಲುಪಿತು. ಅಜ್ಜಂಪುರದ ಕಡೆ ತಮ್ಮ ಅಧೀನದಲ್ಲೇ ಇರುವ ನಮ್ಮೂರಿನ ಆಸ್ಪತ್ರೆಯಲ್ಲಿ ಮಹಿಳಾ ವೈದ್ಯಾಧಿಕಾರಿಯ ಹುದ್ದೆ ಎರಡು ವರ್ಷದಿಂದ ಖಾಲಿ ಬಿದ್ದಿದೆ. ಆಕೆಯ ಕೋಣೆಯಲ್ಲೀಗ ಬ್ಲೀಚಿಂಗ್ ಪೌಡರಿನ ಮೂಟೆಗಳಿವೆ. ಬಾಗಿಲ ಮೇಲಿನ ಫಲಕಕ್ಕೆ ಮಾತ್ರ ಹೊಸ ಬಣ್ಣ ಬಳಿಸಿದ್ದೀರಿ. ಎದೆಯಲ್ಲಿ ಗಂಟು ಇಟ್ಟುಕೊಂಡ ಹೆಂಗಸೊಬ್ಬಳು ಆ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಕಾಯುತ್ತಿರುವಾಗ, ತಮಗೆ ನೆನಪಾದದ್ದು ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು. ವೈದ್ಯೆ ಬೇಕೆಂದು ಖಾಸಗಿಯಾಗಿ ಬರೆದ ಮೂರು ಅರ್ಜಿಗಳಿಗೆ ಉತ್ತರ ಬಾರದ್ದರಿಂದ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಪ್ಪು ತಮ್ಮದೊಂದೇ ಎನ್ನಲಾರೆ. ಕಳೆದ ಸೆಪ್ಟೆಂಬರಿನಲ್ಲಿ ತರೀಕೆರೆಯಲ್ಲಿ ಇದೇ ಭಾಷಣವನ್ನು ಒಂದೂಕಾಲು ಗಂಟೆ ಕೊರೆದವನು ನಾನು. ಬೆಂಗಳೂರಿನ ಪ್ರಯೋಗಾಲಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳನ್ನು ಕಳಿಸುತ್ತಾಳೆ. ನನಗೆ ಅರ್ಧ ಅರ್ಥವಾದರೆ ಸಾಕು, ಉಳಿದರ್ಧವನ್ನು ಗಂಟಲಿನಿಂದ ತುಂಬುತ್ತೇನೆ. ನಮ್ಮ ಜೀವಕೋಶದಲ್ಲಿ ಪಿ-53 ಎಂಬ ಪ್ರೋಟೀನೊಂದಿದೆ. ಕ್ಯಾನ್ಸರ್ ತರುವುದು ಇದೇ ಎಂದು ವಿಜ್ಞಾನಿಗಳು ಹತ್ತು ವರ್ಷ ನಂಬಿದ್ದರು. ಈಗ ನೋಡಿದರೆ ಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವುದೇ ಅದರ ಕೆಲಸವಂತೆ. ಅದು ಕೆಟ್ಟರೆ ಮಾತ್ರ ಅಪಾಯ. ಸ್ತನದ ಗೆಡ್ಡೆಗಳಲ್ಲೂ ಅದು ಕೆಟ್ಟಿರುತ್ತದೆಯೇ ಎಂದು ಹುಡುಕುತ್ತಿದ್ದಾರೆ. “ಕಾವಲುಗಾರನನ್ನೇ ಕಳ್ಳ ಅಂದುಕೊಂಡಿದ್ದರು ಮಹನೀಯರೇ!” ಎಂದು ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರು ತಮ್ಮ ಇಲಾಖೆಯ ಗಂಡಸರು. ಬಂದಿದ್ದ ಹೆಂಗಸರು ನಾಲ್ವರು, ಅವರಲ್ಲೊಬ್ಬಳು ನನ್ನ ಹೆಂಡತಿ ಮಲ್ಲಿಕಾಂಬ.

ಆಗ ಅವಳ ಎಡ ಸ್ತನದಲ್ಲಿ ಐದು ತಿಂಗಳ ಗಂಟು ಇತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮಲ್ಲಿ ಹೆಂಗಸರೂ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಪೂಜೆ ಮುಗಿಸಿ ಅದನ್ನು ಕಟ್ಟಿಕೊಳ್ಳುತ್ತ, “ರೀ, ಇಲ್ಲೊಂಚೂರು ಗಟ್ಟಿಯಾಗೈತೆ ಕಣ್ರೀ” ಎಂದಳು. ಪತ್ರಿಕೆಯಿಂದ ತಲೆ ಎತ್ತದೆ, “ಕರಡಿಗೆ ಒತ್ತಿ ಹಂಗಾಗಿರುತ್ತೆ, ದಾರ ಉದ್ದ ಮಾಡ್ಕೋ” ಎಂದೆ. ಸಾಲದ್ದಕ್ಕೆ ಘರ್ಷಣೆ, ಒತ್ತಡ ಎಂದು ಎರಡು ಪದ ಸೇರಿಸಿದೆ. ಮೂವತ್ತೆರಡು ವರ್ಷ ಪಾಠ ಹೇಳಿದ ಬಾಯಲ್ಲವೇ? ಅವಳು ದಾರ ಉದ್ದ ಮಾಡಿಕೊಂಡಳು. ಕರಡಿಗೆ ಕೆಳಗಿಳಿಯಿತು, ಗಂಟು ಇದ್ದಲ್ಲೇ ಬೆಳೆಯಿತು. ಕಾಯುವ ಲಿಂಗದ ಮೇಲೇ ಅಪವಾದ ಹೊರಿಸಿದೆವಲ್ಲಾ ಎಂದು ಅವಳಿಗೆ ಇಂದಿಗೂ ಕಸಿವಿಸಿ. ಕಾವಲಿನವನನ್ನು ಕಳ್ಳನೆಂದವರು ಪರದೇಶದಲ್ಲಷ್ಟೇ ಇಲ್ಲ, ನೋಡಿ.

ತರೀಕೆರೆಯಿಂದ ಹಿಂದಿರುಗುವಾಗ ಬೀರೂರಿನಲ್ಲಿ ಅಜ್ಜಂಪುರದ ಕಡೆಯ ರೈಲಿಗೆ ಕಾಯುತ್ತಿದ್ದೆವು. ಭಾಷಣ ಹೇಗಿತ್ತು ಎಂದು ನಾನೇ ಕೇಳಿದೆ, ಹೊಗಳಿಕೆಯ ಚಪಲ. ಮಲ್ಲಿಕಾಂಬ ಸಭೆಯಲ್ಲಿ ನನಗೆ ಹಾಕಿದ್ದ ಹಾರವನ್ನು ಮಡಿಲಲ್ಲಿಟ್ಟುಕೊಂಡು, “ಅಷ್ಟೊತ್ತು ಮಾತಾಡಿದ್ರಿ. ನಂದು ಅದೇನಾ, ಅಲ್ವಾ ಅಂತ ಹೇಳ್ಲೇ ಇಲ್ಲ” ಎಂದಳು. ಮರುದಿನ ನಮ್ಮ ಆಸ್ಪತ್ರೆಗೆ ಓಡಿದರೆ ಮೂಟೆಗಳ ದರ್ಶನವಾಯಿತು. ಬೆಂಗಳೂರಿಗೆ ಹೋಗಿ, ಪರೀಕ್ಷೆಗಳಾಗಿ, ನವೆಂಬರಿನಲ್ಲಿ ಶಸ್ತ್ರಕ್ರಿಯೆಯಾಯಿತು. “ಇಷ್ಟು ತಿಂಗಳು ಏನು ಮಾಡ್ತಾ ಇದ್ರಿ?” ಎಂದು ಅಲ್ಲಿಯ ವೈದ್ಯೆ ಕೇಳಿದರು. ಕ್ಯಾನ್ಸರಿನ ಬಗ್ಗೆ ಓದುತ್ತಿದ್ದೆ ಎನ್ನಲು ನಾಚಿಕೆಯಾಯಿತು. ಉಳಿದುಕೊಳ್ಳುತ್ತಾಳೆ ಎಂದು ಅವರು ಖಚಿತವಾಗಿ ಹೇಳುತ್ತಿಲ್ಲ. ನನಗೆ ಭಯವಾಗಿದೆ.

ಮೊದಲಿಗೇ ಹೇಳಿದೆನಲ್ಲ, ಕಾಯುತ್ತಿರುವ ಆ ಹೆಂಗಸು ನಮ್ಮ ನೆರೆಮನೆಯವಳು. ಹೆಸರು ಕಾಶಮ್ಮ ಎಂದಿಟ್ಟುಕೊಳ್ಳಿ, ನಿಜವಾದ ಹೆಸರು ತಮಗೆ ಬೇಡ. ಕಳೆದ ವಾರ ಮಲ್ಲಿಕಾಂಬಳನ್ನು ನೋಡಲು ಬಂದವಳು ಅಡುಗೆಮನೆಯಲ್ಲಿ ಅವಳ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡಳಂತೆ.

“ಅಕ್ಕ, ನಿಂಗೂ ಹಿಂಗೇ ಇತ್ತಾ?”

“ಹೂಂ ಕಣೇ, ಹಿಂಗೇ ಇತ್ತು. ಬೆಂಗ್ಳೂರಿಗೆ ಹೋಗಾಣ ಬಾ.”

“ಮನೇಲಿ ಏನಂತ ಹೇಳ್ಲಿ? ಇಲ್ಲಿ ಗಂಡಸು ಡಾಕ್ಟ್ರ ಮುಂದೆ ಸತ್ರೂ ಸೆರಗು ತೆಗೆಯಲ್ಲ.”

“ಇಲ್ಲಿಗೇ ಹೆಣ್ಣು ಡಾಕ್ಟ್ರು ಬಂದ್ರೆ?”

“ಬಂದ್ರೆ ತೋರುಸ್ತೀನಿ ಕಣಕ್ಕ.”

ತಮಗೆ ಇದಕ್ಕಿಂತ ಸ್ಪಷ್ಟವಾದ ಅರ್ಜಿ ಬೇಕೇ? ಆಕೆಯ ಸಂಕೋಚವನ್ನು ಅಜ್ಞಾನವೆಂದು ಬರೆದುಕೊಳ್ಳಬೇಡಿ. ಅಜ್ಞಾನ ಎಷ್ಟಿರಬಹುದೆಂಬುದಕ್ಕೆ ಪದವೀಧರನಾದ ನಾನೇ ಸಾಕ್ಷಿ ಇದ್ದೇನೆ.

ಆದ್ದರಿಂದ ಉಪನ್ಯಾಸ ರದ್ದುಮಾಡಿ. ನನ್ನನ್ನು ಕರೆತರಲು ಗೊತ್ತುಮಾಡಿರುವ ಜೀಪಿನಲ್ಲಿ ಒಬ್ಬ ವೈದ್ಯೆಯನ್ನು ಈ ವಾರವೇ ನಮ್ಮ ಆಸ್ಪತ್ರೆಗೆ ಕಳಿಸಿ, ಆಮೇಲೆ ಪ್ರತಿ ವಾರ ಒಂದು ದಿನ ಕಳಿಸಿ. ಒಂದು ಮಂಚ, ಒಂದು ಪರದೆ ಇದ್ದರೆ ಸಾಕು. ಕೋಣೆ ಖಾಲಿ ಮಾಡಲು ಆಳಿಲ್ಲವೆಂದರೆ ನಾನೇ ಬರುತ್ತೇನೆ. ಆದರೆ ಬೇಗ. ಕಾಶಮ್ಮನ ಗಂಟು ಈಗ ಹುಣಸೆಬೀಜದಷ್ಟಿದೆ ಎನ್ನುತ್ತಾಳೆ ಮಲ್ಲಿಕಾಂಬ. ಯುಗಾದಿಯ ಹೊತ್ತಿಗೆ ಅವಳದೂ ಅಷ್ಟೇ ಇತ್ತು.

ಇಂತಿ,
ಶಾಲೆಯಿಂದ ಸರ್ಕಾರ ನಿವೃತ್ತಿಗೊಳಿಸಿದ, ಭಾಷಣದಿಂದ ಹೆಂಡತಿ ನಿವೃತ್ತಿಗೊಳಿಸಿದ,
ಷಣ್ಮುಖಪ್ಪ ಮೇಷ್ಟ್ರು
ಅಜ್ಜಂಪುರದ ಕಡೆಯವನು
ಡಿಸೆಂಬರ್ 1989